ಹನ್ನೊಂದನೆಯ ಬಿಲ್ಲೆ

“ಮುಟ್ಬೇಡಿ ಸಾಹೇಬ್ರೇ, ಸುಡುತ್ತೆ!”

ಇನ್ಸ್‌ಪೆಕ್ಟರ್ ಕದಿರೇಶ ಚಾಚಿದ್ದ ಕೈಯನ್ನು ಸರಕ್ಕನೆ ಹಿಂದಕ್ಕೆಳೆದುಕೊಂಡ. ಏಣಿಯ ಮೇಲೆ ನಿಂತಿದ್ದ ಶಾಮಲಮ್ಮ ಇಕ್ಕುಳದಲ್ಲಿ ಹಿಡಿದಿದ್ದ ಬಿಲ್ಲೆಯನ್ನು ಅವನ ಎಡಗೈಯಲ್ಲಿದ್ದ ಪಿಂಗಾಣಿ ತಟ್ಟೆಗೆ ಮೆಲ್ಲನೆ ಇಳಿಸಿದರು. ಟಿಣ್ ಎಂದು ಸದ್ದಾಯಿತು. ಹೆಬ್ಬೆರಳಿನ ಉಗುರಿಗಿಂತ ತುಸು ದೊಡ್ಡದು, ಸುಟ್ಟ ಬೆಲ್ಲದ ಬಣ್ಣ. ಹನ್ನೆರಡು ದಿನಗಳ ಹಿಂದೆ ಅದೇ ಬಿಲ್ಲೆ ಹಾಲಿನ ಕೆನೆಯ ಬಣ್ಣದ್ದಾಗಿತ್ತು.

“ಇದೇ ಕೊನೇದು,” ಎಂದು ಅವರು ಸೆರಗಿನಿಂದ ಹಣೆ ಒರೆಸಿಕೊಂಡರು. “ಇನ್ನು ಒಲೆ ಆರಿಸಬಹುದು.”

ಶ್ರೀನಿವಾಸಪುರದ ಹೊರಗಿದ್ದ ಸುಬ್ಬರಾಯಪ್ಪನ ರೇಷ್ಮೆ ನೂಲಿನ ಕಾರ್ಖಾನೆಗೆ ಜುಲೈ ಹದಿನಾಲ್ಕರ ಸಂಜೆ ಹೋದ ರೇಷ್ಮೆ ಪರೀಕ್ಷಕ ವೆಂಕಟರಮಣಪ್ಪ ಹೊರಗೆ ಬಂದದ್ದನ್ನು ಯಾರೂ ಕಂಡಿರಲಿಲ್ಲ. ನಾಲ್ಕು ದಿನಗಳ ನಂತರ ಅವರ ರಕ್ತ ಹತ್ತಿದ ಕೋಟು ಸೌದೆ ರಾಶಿಯಲ್ಲೂ, ಕೊಡೆ ಈಗ ಶಾಮಲಮ್ಮ ಏಣಿ ಹಾಕಿದ್ದ ಹೊಗೆಕೊಳವೆಯ ಮೇಲೂ ಸಿಕ್ಕಿ, ಒಲೆ ಕಾಯುವ ಮುನಿಶಾಮಿ ಕೊಲೆಗಾರನೆಂದು ಕೋಲಾರದ ಜೈಲು ಸೇರಿದ್ದ. ಹೆಣ ಮಾತ್ರ ಇನ್ನೂ ಸಿಕ್ಕಿರಲಿಲ್ಲ.

ಇವತ್ತು ಆಗಸ್ಟ್ ಮೂರು. ಹತ್ತು ಗಂಟೆಗೆ ಅಮಲ್ದಾರರ ಕಚೇರಿಯಲ್ಲಿ ಕೊನೆಯ ವಿಚಾರಣೆ. ಅಲ್ಲಿಂದ ಮೊಕದ್ದಮೆ ಸೆಷನ್ಸ್ ಕೋರ್ಟಿಗೆ ಹೋಯಿತೆಂದರೆ ಮುನಿಶಾಮಿಯ ಕುತ್ತಿಗೆಗೆ ಹಗ್ಗ ಬಿತ್ತೆಂದೇ ವಕೀಲರೆಲ್ಲ ಮಾತಾಡುತ್ತಿದ್ದರು. ಕೋಟನ್ನು ಸೌದೆಯೊಳಗೆ ಯಾರು ಬೇಕಾದರೂ ತುರುಕಬಹುದಿತ್ತು. ಆದರೆ ರೇಷ್ಮೆಗೂಡು ಒಣಗಿಸುವ ಕೋಣೆಯ ಸೂರಿನಡಿ, ಕಾದು ಕೂತ ತಗಡಿನ ಕೊಳವೆಗೂ ಗೋಡೆಗೂ ನಡುವಿನ ಸಂದಿನವರೆಗೆ ಏಣಿ ಹಾಕಿ ಹತ್ತುವವನು ಒಬ್ಬನೇ. ಒಲೆಯವನು. ಆ ಕೊಡೆಯೇ ಅವನ ಯಮನಾಗಿತ್ತು.

ಮುನಿಶಾಮಿ ವೆಂಕಟರಮಣಪ್ಪನವರ ಜೊತೆ ಅದರ ಹಿಂದಿನ ವಾರ ಜಗಳವಾಡಿದ್ದನ್ನು ಹತ್ತು ಜನ ನೋಡಿದ್ದರು. ಠಾಣೆಯಲ್ಲಿ ಎಷ್ಟು ಗದರಿಸಿದರೂ ಅವನ ಬಾಯಿಂದ ಬಂದದ್ದು ಒಂದೇ ಮಾತು: “ನಾನು ಕೊಂದಿಲ್ಲ ಸಾಮಿ.” ಅದರಾಚೆ ಒಂದಕ್ಷರ ಆಡಲಿಲ್ಲ.

ಶಾಮಲಮ್ಮ ಕಿಟಕಿಯ ಪಕ್ಕದ ಮೇಜಿನ ಮುಂದೆ ಕುಳಿತರು. ಶಾಲೆಯಿಂದ ತಂದ ಸೂಕ್ಷ್ಮದರ್ಶಕವನ್ನು ಬೆಳಕಿಗೆ ತಿರುಗಿಸಿ, ಬಿಲ್ಲೆ ಆರುವುದನ್ನೇ ಕಾಯತೊಡಗಿದರು.

ಕದಿರೇಶ ಸುಮ್ಮನೆ ನೋಡುತ್ತ ನಿಂತ. ನಲವತ್ತೈದು ದಾಟಿದ ಹೆಂಗಸು. ಕೋಲಾರದಲ್ಲಿ ಹೆಣ್ಣುಮಕ್ಕಳಿಗೆ ವಿಜ್ಞಾನ ಹೇಳಿಕೊಡುವ ಟೀಚರಮ್ಮ. ಮಾಲೂರಿನ ಹೆಂಚಿನ ಗೂಡಿನಲ್ಲಿ ಅವರಪ್ಪ ಬೆಂಕಿ ನೋಡಿಕೊಳ್ಳುವ ಮೇಸ್ತ್ರಿಯಾಗಿದ್ದರಂತೆ. ಗೂಡಿನ ಕಿಂಡಿಯಿಂದ ಇಣುಕಿ, ಬೆಂಕಿಯ ಬಣ್ಣ ನೋಡಿಯೇ ಹೆಂಚು ಬೆಂದಿದೆಯೋ ಇಲ್ಲವೋ ಎಂದು ಹೇಳುವುದನ್ನು ಮಗಳು ಓದು ಬರಹಕ್ಕಿಂತ ಮೊದಲೇ ಕಲಿತಿದ್ದರು. ಆಮೇಲೆ ಬೆಂಗಳೂರಿಗೆ ಹೋಗಿ ರಸಾಯನಶಾಸ್ತ್ರ ಓದಿ ಬಂದರು.

ಆ ಕೊಡೆಯನ್ನು ಕದಿರೇಶ ಮೊದಲ ಸಲ ಅವರ ಮುಂದೆ ಇಟ್ಟಾಗ ಬಟ್ಟೆ ಪುಡಿಪುಡಿಯಾಗಿತ್ತು. ಕಡ್ಡಿಗಳು ಉಳಿದಿದ್ದವು. ಬೇಕಲೈಟ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಹಿಡಿ ಕಂದಾಗಿತ್ತು. ಬೆಂಕಿಯಲ್ಲಿ ಸುಟ್ಟಿದೆ, ಅಷ್ಟೇ ಎಂದುಕೊಂಡಿದ್ದ ಅವನು.

“ಸುಟ್ಟಿಲ್ಲ,” ಎಂದಿದ್ದರು ಶಾಮಲಮ್ಮ.

“ಮತ್ತೆ?”

“ಇದು ಸೆಲ್ಯುಲಾಯ್ಡ್ ಬಾಚಣಿಗೆ ಥರ ಅಲ್ಲ ಸಾಹೇಬ್ರೇ. ಅದಾಗಿದ್ರೆ ಅಷ್ಟು ಕಾವಿಗೆ ಮೆತ್ತಗಾಗಿ, ಭಗ್ ಅಂತ ಹೊತ್ಕೊಂಡಿರೋದು. ಬೇಕಲೈಟು ಒಂದ್ಸಲ ಅಚ್ಚಲ್ಲಿ ಗಟ್ಟಿಯಾಯ್ತು ಅಂದ್ರೆ ಮತ್ತೆ ಕರಗಲ್ಲ. ಹಂಗಂತ ಸುಮ್ಮನೆ ಇರೋದೂ ಇಲ್ಲ. ದಿನಗಟ್ಟಲೆ ಬಿಸೀಲಿ ಇದ್ರೆ ಮೇಲಿಂದ ಒಳಕ್ಕೆ ನಿಧಾನಕ್ಕೆ ಕೆಡ್ತಾ ಹೋಗುತ್ತೆ. ಇಲ್ಲಿ ನೋಡಿ.”

ಅವರು ಹಿಡಿಯ ಬುಡದಲ್ಲಿದ್ದ ಬೆಳ್ಳಿಯ ಬಳೆಯನ್ನು ತಿರುಗಿಸಿ ತೆಗೆದಿದ್ದರು. ಅದರಡಿ ಬೆರಳಗಲದ ಪಟ್ಟಿ ಹೊಸದರಂತೆ ಕೆನೆಬಣ್ಣಕ್ಕಿತ್ತು.

“ಬಳೆ ಬಿಸೀನ ತಡೆದಿದೆ,” ಎಂದಿದ್ದ ಕದಿರೇಶ.

“ಬೆಳ್ಳಿ ಬಿಸೀನ ತಡೆಯುತ್ತಾ? ಬೆಳ್ಳಿ ಲೋಟದಲ್ಲಿ ಕಾಫಿ ಹುಯ್ಕೊಂಡು ಹಿಡ್ಕೊಂಡು ನೋಡಿ. ಕಾವು ಬಳೆ ಕೆಳಗೂ ಅಷ್ಟೇ ಇತ್ತು. ಇರದೆ ಇದ್ದಿದ್ದು ಗಾಳಿ. ಗಾಳೀಲಿರೋ ಆಮ್ಲಜನಕ, ಮೇಲೆ ಬಿಸಿ, ಎರಡೂ ಸೇರಿದ್ರೇನೇ ಇದಕ್ಕೆ ಈ ಗತಿ. ಎಷ್ಟು ದಿನ ಸೇರಿದ್ವು ಅಂತ ಈ ಕಂದು ಸಿಪ್ಪೇನೇ ಹೇಳುತ್ತೆ. ನಾವು ಕೇಳೋ ಕ್ರಮದಲ್ಲಿ ಕೇಳಬೇಕು ಅಷ್ಟೇ.”

ಕೇಳುವ ಕ್ರಮಕ್ಕೆ ಅಂಥದ್ದೇ ಇನ್ನೊಂದು ಹಿಡಿ ಬೇಕಿತ್ತು. ಕೋಲಾರದ ಅಂಗಡಿಯವನು ಕೈಚೆಲ್ಲಿದ. ಯುದ್ಧ ಶುರುವಾದ ಮೇಲೆ ವಿಲಾಯಿತಿಯಿಂದ ಅಂಥ ಮಾಲು ಬಂದಿಲ್ಲ, ಬಂದದ್ದೇ ಎರಡು ಕೊಡೆ, ಎರಡನ್ನೂ ವೆಂಕಟರಮಣಪ್ಪನವರೇ ಕೊಂಡರು, ತಮಗೊಂದು ಹೆಂಡತಿಗೊಂದು ಎಂದ. ಶಾಮಲಮ್ಮ ಕದಿರೇಶನ ಜೊತೆ ಮುಳಬಾಗಿಲಿಗೆ ಹೋಗಿ ಆ ಹೆಂಡತಿ ಅಶ್ವತ್ಥಮ್ಮನ ಮುಂದೆ ಸಂಕೋಚದಿಂದ ವಿಷಯ ಹೇಳಿದರು. ಗಂಡ ಕೊಡಿಸಿದ ವಸ್ತು, ಕೊಯ್ದು ತುಂಡು ಮಾಡಬೇಕಾಗುತ್ತದೆ ಎಂದರು. ಅಶ್ವತ್ಥಮ್ಮ ಒಳಗೆ ಹೋಗಿ ಕೊಡೆ ತಂದು ಅವರ ಕೈಗಿಟ್ಟಿದ್ದಳು.

ಆ ಹಿಡಿಯಿಂದ ಹದಿನಾಲ್ಕು ಬಿಲ್ಲೆ ಬಂದವು. ಒಂದನ್ನು ಹಾಗೇ ತೆಗೆದಿಟ್ಟರು. ಒಂದನ್ನು ಗಾಜಿನ ನಳಿಗೆಯಲ್ಲಿ ಹಾಕಿ, ಗಾಳಿ ಹೀರಿ ತೆಗೆದು, ಬಾಯಿಯನ್ನು ಬೆಂಕಿಯಲ್ಲಿ ಕರಗಿಸಿ ಮುಚ್ಚಿದರು. ಅದನ್ನೂ ಉಳಿದ ಹನ್ನೆರಡನ್ನೂ ಕೊಡೆ ಸಿಕ್ಕಿದ್ದ ಜಾಗದಲ್ಲೇ ಇಟ್ಟರು. ಅಮಲ್ದಾರರ ಅಪ್ಪಣೆ ಪಡೆದು ಅದೇ ಒಲೆಗೆ ಅದೇ ಸೌದೆ, ದಿನಾ ಸುರಿಯುತ್ತಿದ್ದಷ್ಟೇ ಸೌದೆ. ಸಂದಿನಲ್ಲಿ ತೂಗುಹಾಕಿದ ಥರ್ಮಾಮೀಟರು ಇನ್ನೂರ ಐವತ್ತು ಡಿಗ್ರಿಯ ಆಚೀಚೆ ಆಡುತ್ತಿತ್ತು. ದಿನಾ ಬೆಳಿಗ್ಗೆ ಎಂಟಕ್ಕೆ ಒಂದೊಂದೇ ಬಿಲ್ಲೆ ಕೆಳಗೆ ಬಂತು.

ನಾಲ್ಕನೆಯ ದಿನ ಕದಿರೇಶನಿಗೆ ತಾಳ್ಮೆ ತಪ್ಪಿತ್ತು. “ನಾಲ್ಕು ದಿನಕ್ಕೆ ಸಿಪ್ಪೆ ಇಷ್ಟು ದಪ್ಪ ಅಂದ್ರೆ, ಆ ಕೊಡೇದಕ್ಕೆ ಎಷ್ಟು ದಿನ ಅಂತ ಗುಣಾಕಾರ ಮಾಡಿದ್ರೆ ಗೊತ್ತಾಗಲ್ವಾ ಟೀಚರಮ್ಮ?”

“ಗೊತ್ತಾಗಲ್ಲ. ಮೊದಲ ದಿನ ಆ ಬಣ್ಣ ಒಳಕ್ಕೆ ಓಡುತ್ತೆ. ಆಮೇಲೆ ಆ ಸಿಪ್ಪೇನೇ ಗಾಳಿಗೆ ಅಡ್ಡ ನಿಲ್ಲುತ್ತೆ. ಹಂಗಾಗಿ ಎರಡನೇ ದಿನ ನಡೆಯುತ್ತೆ, ನಾಲ್ಕನೇ ದಿನ ತೆವಳುತ್ತೆ. ಗುಣಾಕಾರ ಮಾಡಿ ಒಬ್ಬ ಮನುಷ್ಯನ ಪ್ರಾಣದ ವಿಷಯ ಹೇಳೋಕಾಗಲ್ಲ. ಕಾಯೋಣ.”

ಕಾದರು. ಆ ಕಾವಿನ ಕೋಣೆಯಲ್ಲಿ ಗಂಟೆಗೊಮ್ಮೆ ಏಣಿ ಹತ್ತಿ ಇಳಿದು, ಡಿಗ್ರಿ ಬರೆದು, ಅಂಗೈಯಲ್ಲಿ ಬೊಕ್ಕೆ ಎದ್ದರೂ ಬಟ್ಟೆ ಸುತ್ತಿಕೊಂಡು ಕಾದರು. ಕಾರ್ಖಾನೆಯ ಯಜಮಾನ ಸುಬ್ಬರಾಯಪ್ಪ ದಿನಾ ಕಾಫಿ ಕಳಿಸಿ, ಬಂದು ನಿಂತು, “ಎಲ್ಲಿಗೆ ಬಂತು ತಾಯಿ ನಿಮ್ಮ ಅಡುಗೆ?” ಎಂದು ನಕ್ಕು ಹೋಗುತ್ತಿದ್ದ. ಆ ನಗುವಿಗೆ ಅವರು ತಲೆಯೆತ್ತಿದ್ದನ್ನು ಕದಿರೇಶ ಕಾಣಲಿಲ್ಲ. ಹದಿನಾರು ವರ್ಷದ ತನ್ನ ನೌಕರಿಯಲ್ಲಿ ಎಷ್ಟೋ ಜನರ ಬಾಯಿ ಬಿಡಿಸಿದ್ದೇನೆಂದು ಅವನಿಗೆ ಹೆಮ್ಮೆಯಿತ್ತು. ಒಂದು ತುಂಡು ಬೇಕಲೈಟಿನ ಮುಂದೆ ಇಷ್ಟು ಮರ್ಯಾದೆಯಿಂದ ಕೂತು ಕೇಳುವವರನ್ನು ಅವನು ಇಲ್ಲಿಯವರೆಗೆ ಕಂಡಿರಲಿಲ್ಲ.

ಬಿಲ್ಲೆ ಆರಿತು. ಶಾಮಲಮ್ಮ ಅದನ್ನು ಎರಡಾಗಿ ಮುರಿದು, ಮುರಿದ ಅಂಚನ್ನು ನಯ ಮಾಡಿ, ಕಣ್ಣಿಟ್ಟು ಅಳೆದರು. ಅಳೆದು ಬರೆದುಕೊಂಡರು. ಮತ್ತೊಮ್ಮೆ ಅಳೆದರು.

“ಏನು?” ಎಂದ ಕದಿರೇಶ.

“ಹೊರಡಿ. ಅಮಲ್ದಾರರ ಮುಂದೇನೇ ಹೇಳ್ತೀನಿ.”

*

ಕಚೇರಿ ಕಿಕ್ಕಿರಿದಿತ್ತು. ಮುಂದಿನ ಬೆಂಚಿನಲ್ಲಿ ಸುಬ್ಬರಾಯಪ್ಪ ಜರಿ ರುಮಾಲು ಸುತ್ತಿ ಕುಳಿತಿದ್ದ. ಬಾಗಿಲ ಹತ್ತಿರ ಠಾಣೆಯ ದಫೇದಾರ ಸೊಣ್ಣಪ್ಪ ಕಾಗದಗಳ ಕಟ್ಟು ಹಿಡಿದು ನಿಂತಿದ್ದ.

ಶಾಮಲಮ್ಮ ಬಿಳಿ ಕಾಗದ ಹಾಸಿ ಹನ್ನೆರಡು ಬಿಲ್ಲೆಗಳನ್ನು ಸಾಲಾಗಿ ಇಟ್ಟರು. ಪ್ರತಿಯೊಂದರಡಿ ದಿನದ ಸಂಖ್ಯೆ ಬರೆದ ಚೀಟಿ, ಬೋರಲು.

“ಮೊದಲು ಇದನ್ನ ನೋಡಬೇಕು ಸ್ವಾಮಿ,” ಎಂದು ಗಾಜಿನ ನಳಿಗೆಯನ್ನು ಕೊಟ್ಟರು. “ಹನ್ನೆರಡು ದಿನ ಇವುಗಳ ಪಕ್ಕದಲ್ಲೇ ಇದ್ದಿದ್ದು. ಅದೇ ಬಿಸಿ ತಿಂದಿದ್ದು. ಒಳಗೆ ಗಾಳಿ ಇಲ್ಲ.”

ನಳಿಗೆಯ ಬಿಲ್ಲೆ ತುಸು ಹಳದಿಗೆ ತಿರುಗಿತ್ತು, ಅಷ್ಟೇ. ಅಮಲ್ದಾರರು ಅದನ್ನು ಬೆಳಕಿಗೆ ಹಿಡಿದು, ಸಾಲಿನ ಕೊನೆಯ ಕಂದು ಬಿಲ್ಲೆಯನ್ನು ನೋಡಿ, ಮತ್ತೆ ನಳಿಗೆಯನ್ನು ನೋಡಿದರು.

“ಈಗ ಕೊಡೆಯ ಹಿಡಿ. ಇದರ ಹೊರಮೈ ನೋಡಿ. ಇವುಗಳ ಹೊರಮೈ ನೋಡಿ. ನಾನು ಕೊಯ್ದ ಮೈ ಬೇಡ, ಅದು ಹೊಸದು, ಮೋಸ ಮಾಡುತ್ತೆ. ಬಣ್ಣ ನೋಡಿ, ಭೂತಗನ್ನಡಿಯಲ್ಲಿ ಬಿರುಕು ನೋಡಿ, ಯಾವುದು ಇದರ ಒಡಹುಟ್ಟಿದ್ದು ಅಂತ ತಾವೇ ಆರಿಸಿ. ನಾನು ದೂರ ನಿಲ್ತೀನಿ.”

ಅಮಲ್ದಾರರು ಕನ್ನಡಕ ಏರಿಸಿಕೊಂಡರು. ಮೊದಲ ಎಂಟು ಬಿಲ್ಲೆಗಳ ಮೈ ನುಣುಪಾಗಿತ್ತು. ಒಂಬತ್ತನೆಯದರಿಂದ ಕೂದಲೆಳೆಯಂಥ ಬಿರುಕುಗಳು ಶುರುವಾಗಿದ್ದವು. ಹಿಡಿಯ ಮೈಮೇಲೂ ಅಂಥ ಬಿರುಕುಗಳಿದ್ದವು. ಅವರು ಒಂದೊಂದನ್ನೇ ಹಿಡಿಯ ಪಕ್ಕಕ್ಕಿಟ್ಟು ನೋಡಿದರು. ಬಹಳ ಹೊತ್ತಿನ ಮೇಲೆ ಒಂದರ ಮೇಲೆ ಬೆರಳಿಟ್ಟರು.

“ಚೀಟಿ ತಿರುಗಿಸಿ,” ಎಂದರು ಶಾಮಲಮ್ಮ.

ಹನ್ನೊಂದು.

“ಸೂಕ್ಷ್ಮದರ್ಶಕದಲ್ಲಿ ಸಿಪ್ಪೆಯ ದಪ್ಪ ಅಳೆದಾಗ ನನಗೂ ಅದೇ ಬಂತು. ಆದ್ರೆ ಹನ್ನೊಂದೇ ಅಂತ ಪ್ರಮಾಣ ಮಾಡಲ್ಲ. ಹತ್ತಿರಬಹುದು, ಹನ್ನೆರಡಿರಬಹುದು. ನಾಲ್ಕಂತೂ ಅಲ್ಲ. ನಾಲ್ಕನೆಯದನ್ನ ಪಕ್ಕದಲ್ಲಿಟ್ಟು ನೋಡಿ.”

ನಾಲ್ಕನೆಯ ಬಿಲ್ಲೆ ಜೇನಿನ ಬಣ್ಣಕ್ಕಿತ್ತು. ಅದಕ್ಕೂ ಹಿಡಿಗೂ ಹೋಲಿಕೆಯೇ ಇರಲಿಲ್ಲ.

ಕದಿರೇಶ ಎದ್ದು ನಿಂತ. “ಕಾರ್ಖಾನೆಗೆ ನಾವು ಬೀಗ ಹಾಕಿ ಒಲೆ ಆರಿಸಿದ್ದು ಹದಿನೆಂಟನೇ ತಾರೀಖು. ಕೊಲೆ ಆಯ್ತು ಅಂತ ನಾವು ಹೇಳಿದ್ದು ಹದಿನಾಲ್ಕರ ಸಂಜೆ. ನಡುವೆ ನಾಲ್ಕೇ ದಿನ. ಆದರೆ ಈ ಕೊಡೆ ಹನ್ನೊಂದು ದಿನ ಅಲ್ಲಿದೆ. ಅಂದರೆ ಏಳನೇ ತಾರೀಖಿನಿಂದ. ಅವತ್ತು ವೆಂಕಟರಮಣಪ್ಪನವರು ಕಾರ್ಖಾನೆಗೆ ಬಂದಿದ್ದರು, ಮಳೆ ಇತ್ತು ಅಂತ ಗೇಟಿನವನ ಪುಸ್ತಕದಲ್ಲೇ ಇದೆ. ನೆಂದ ಕೊಡೇನ ಯಾರೋ ಒಣಗಲಿ ಅಂತ ಮೇಲಿಟ್ಟರು, ಸಂದಿಗೆ ಜಾರಿತು, ಮರೆತರು. ಕೊಲೆಗೂ ಇದಕ್ಕೂ ಸಂಬಂಧ ಇಲ್ಲ ಸ್ವಾಮಿ.”

ತಾನೇ ಕಟ್ಟಿದ ಮೊಕದ್ದಮೆಯನ್ನು ತಾನೇ ಕೆಡವುವುದು ಪೊಲೀಸಿನವನಿಗೆ ಸುಲಭವಲ್ಲ. ಆದರೆ ಹನ್ನೆರಡು ದಿನ ಒಬ್ಬರು ಏಣಿ ಹತ್ತಿ ಇಳಿದದ್ದನ್ನು ನೋಡಿದ ಮೇಲೆ ತನ್ನ ತಪ್ಪನ್ನು ಒಪ್ಪಿಕೊಳ್ಳುವುದು ಕದಿರೇಶನಿಗೆ ದೊಡ್ಡದೆನಿಸಲಿಲ್ಲ.

ಅಮಲ್ದಾರರು ಅರ್ಧ ಗಂಟೆಯಲ್ಲಿ ಹುಕುಂ ಬರೆಸಿದರು. ಮುನಿಶಾಮಿಯನ್ನು ಬಿಡುಗಡೆ ಮಾಡುವುದು. ಬರೆಸಿದ ಮೇಲೆ ಕುರ್ಚಿಯಿಂದೆದ್ದು ಶಾಮಲಮ್ಮನವರಿಗೆ ಕೈಮುಗಿದರು. 

ಸುಬ್ಬರಾಯಪ್ಪನೂ ಹತ್ತಿರ ಬಂದ. “ಭಲೇ ತಾಯಿ! ಸರಸ್ವತಿ ಒಲಿದ ಕೈ ನಿಮ್ಮದು. ನಮ್ಮ ಒಲೆಯವನು ಉಳಿದನಲ್ಲ, ಅಷ್ಟು ಸಾಕು,” ಎಂದು, ಎಲ್ಲರಿಗಿಂತ ಮೊದಲು ಹೊರಟುಹೋದ.

ಕದಿರೇಶ ಹುಕುಂ ಕಾಗದವನ್ನು ಸೊಣ್ಣಪ್ಪನ ಕೈಗೆ ಕೊಟ್ಟ. “ನೀವೇ ಕೋಲಾರಕ್ಕೆ ಹೋಗಿ ದಫೇದಾರ್ರೇ. ಅವನ ಹೆಂಡತಿ ಅಂಜಮ್ಮ ಜೈಲಿನ ಬಾಗಿಲಲ್ಲೇ ಕೂತಿರ್ತಾಳೆ. ಇಬ್ಬರನ್ನೂ ಊರಿನ ಬಸ್ ಹತ್ತಿಸಿ ಬನ್ನಿ.”

“ಆಗಲಿ ಸಾರ್,” ಎಂದು ಸೊಣ್ಣಪ್ಪ ಸಲಾಮು ಹೊಡೆದ.

*

ಕಚೇರಿಯ ಮುಂದಿನ ಹೊಂಗೆಮರದಡಿ ಶಾಮಲಮ್ಮ ಸುಮ್ಮನೆ ನಿಂತಿದ್ದರು. ಗೆದ್ದವರ ಮುಖ ಅದಾಗಿರಲಿಲ್ಲ.

“ಯಾಕೆ ಟೀಚರಮ್ಮ? ಒಂದು ಜೀವ ಉಳಿಸಿದ್ರಿ.”

“ಹದಿನಾಲ್ಕನೇ ತಾರೀಖು ಸಂಜೆ ಅವರು ಒಳಗೆ ಹೋದಾಗ ಕೈಯಲ್ಲಿ ಏನಿತ್ತು ಅಂತ ಗೇಟಿನವನು ಹೇಳಿದ್ದ?”

“ಸೋನೆ ಹಿಡಿದಿತ್ತು. ಕೊಡೆ ಬಿಚ್ಕೊಂಡಿದ್ರು. ಕೆನೆಬಣ್ಣದ ಹಿಡಿ, ಬೆಳ್ಳಿ ಬಳೆ. ಅದನ್ನ ನೋಡಿಯೇ ಗುರುತು ಹಿಡಿದೆ ಅಂದ…”

ಹೇಳುತ್ತ ಹೇಳುತ್ತಲೇ ಕದಿರೇಶ ನಿಂತುಬಿಟ್ಟ.

“ಅವರ ಕೊಡೆ ಏಳನೇ ತಾರೀಖಿನಿಂದ ಕೊಳವೆ ಮೇಲಿತ್ತು,” ಎಂದರು ಶಾಮಲಮ್ಮ. “ಅಂಥ ಕೊಡೆ ಬಂದಿದ್ದೇ ಎರಡು. ಹಂಗಾದ್ರೆ ಅವತ್ತು ಅವರು ಹಿಡ್ಕೊಂಡು ಹೋಗಿದ್ದು ಹೆಂಡತಿಯದ್ದು. ಅದು ಕಾರ್ಖಾನೆ ಒಳಗೆ ಹೋಯ್ತು. ಹೋಗಿದ್ದು ಏಳು ದಿನದ ಮೇಲೆ ಮುಳಬಾಗಿಲಿನ ಮನೇಲಿ ನನ್ನ ಕೈಗೆ ಹೆಂಗೆ ಬಂತು?”

ಎದುರಿಗೆ ಮುಳಬಾಗಿಲಿನ ಬಸ್ಸು ಇದ್ದಿಲ ಗ್ಯಾಸಿನ ಹೊಗೆ ಕಾರುತ್ತ ಹೊರಡಲು ನಿಂತಿತ್ತು. ಇಬ್ಬರೂ ಓಡಿ ಹತ್ತಿದರು.

*

ಅಶ್ವತ್ಥಮ್ಮ ಮೊರದಲ್ಲಿ ಅವರೆಬೇಳೆ ಆರಿಸುತ್ತಿದ್ದಳು. ಇಬ್ಬರನ್ನೂ ನೋಡಿ ಎದ್ದು ಚಾಪೆ ಹಾಸಿದಳು. ಹಣೆಯಲ್ಲಿ ಕಾಸಗಲ ಕುಂಕುಮ. ಗಂಡ ಸತ್ತನೆಂದು ಊರೆಲ್ಲ ಹೇಳುತ್ತಿದ್ದರೂ ಅಳಿಸದ ಕುಂಕುಮ. ಹೆಣ ಸಿಗುವವರೆಗೆ ಆಸೆ ಬಿಟ್ಟಿಲ್ಲ, ಪಾಪ ಎಂದು ಕದಿರೇಶ ಇಷ್ಟು ದಿನ ತಿಳಿದಿದ್ದ.

“ಕೂತ್ಕೊಳಲ್ಲಮ್ಮಾ,” ಎಂದ ಅವನು ನಿಂತೇ. “ಒಂದು ಪ್ರಶ್ನೆ. ನಿಜ ಹೇಳಬೇಕು. ಟೀಚರಮ್ಮನಿಗೆ ನೀವು ಕೊಟ್ಟ ಕೊಡೆ ಹದಿನಾಲ್ಕನೇ ತಾರೀಖು ಎಲ್ಲಿತ್ತು?”

ಅಶ್ವತ್ಥಮ್ಮ ಶಾಮಲಮ್ಮನ ಕಡೆ ತಿರುಗಿದಳು. “ಎಷ್ಟು ದಿನ ಅಂತ ಬಂತು?”

“ಹನ್ನೊಂದು.”

“ಮುನಿಶಾಮೀನ ಬಿಟ್ರಾ?”

“ಬಿಟ್ಟರು. ಇಷ್ಟು ಹೊತ್ತಿಗೆ ಹೊರಗೆ ಬಂದಿರ್ತಾನೆ.”

ಅವಳು ಗೋಡೆ ಹಿಡಿದುಕೊಂಡು ಕೂತಳು. ಇಪ್ಪತ್ತು ದಿನ ಯಾರೆದುರೂ ಹನಿಯದ ಕಣ್ಣು ಈಗ ಧಾರಾಕಾರ ಸುರಿಯಿತು. ಶಾಮಲಮ್ಮ ಪಕ್ಕದಲ್ಲಿ ಕೂತು ಬೆನ್ನ ಮೇಲೆ ಕೈಯಿಟ್ಟರು.

ಕದಿರೇಶ ಬಿಡಲಿಲ್ಲ. “ನಮ್ಮನ್ನ ಇಷ್ಟು ದಿನ ಕತ್ತಲಲ್ಲಿ ಇಟ್ರಲ್ಲಮ್ಮಾ! ಒಬ್ಬ ನಿರಪರಾಧಿ ಜೈಲಲ್ಲಿದ್ದ. ಒಂದು ಮಾತು ಹೇಳೋಕೆ ನಿಮಗೇನಾಗಿತ್ತು?”

“ಮಾತು ಕೊಟ್ಟಿದ್ದೆ,” ಎಂದು ಅವಳು ತಲೆಯೆತ್ತಿದಳು. ದನಿಯಲ್ಲಿ ಈಗ ಅಳುವಿರಲಿಲ್ಲ. “ಬಾಯಿಬಿಟ್ಟು ಹೇಳಂಗಿರಲಿಲ್ಲ ಸಾಹೇಬ್ರೇ. ಈ ಟೀಚರಮ್ಮ ಬಂದು ಹಿಂಗಿಂಗೆ, ಅಂಥದ್ದೇ ಕೊಡೆ ಬೇಕು ಅಂದಾಗ ದೇವರೇ ಕಳಿಸಿದ ಅನ್ನಿಸ್ತು. ಇದು ಕಣ್ಣಿಗೆ ಬಿದ್ರೆ ನೀವಾಗೇ ಕೇಳ್ತೀರ ಅಂತ ತಂದುಕೊಟ್ಟೆ. ಅವತ್ತು ನೀವೂ ಜೊತೆಗಿದ್ರಿ. ನೀವೇ ಅದನ್ನ ಹಿಡ್ಕೊಂಡು ಹೋದ್ರಿ. ಕೇಳಲಿಲ್ಲ.”

ಕದಿರೇಶನ ಮುಖ ಕೆಂಪಾಯಿತು. ನಿಜ, ಶ್ರೀನಿವಾಸಪುರದವರೆಗೂ ಆ ಕೊಡೆಯನ್ನು ಅವನೇ ಕಂಕುಳಲ್ಲಿಟ್ಟುಕೊಂಡು ಹೋಗಿದ್ದ.

“ಆ ಕೊಡೇನ ಮನೆಗೆ ತಂದವರು ಯಾರಮ್ಮ?” ಎಂದು ಶಾಮಲಮ್ಮ ಮೆಲ್ಲನೆ ಕೇಳಿದರು. “ನಿಮ್ಮ ಯಜಮಾನರಾ?”

“ಅಲ್ಲ. ಮುನಿಶಾಮಿ.”

ಕದಿರೇಶ ಚಾಪೆಯ ಮೇಲೆ ಕೂತ.

“ಹದಿನೈದನೇ ತಾರೀಖು ಬೆಳಗಾಗೆದ್ದು ಬಾಗಿಲು ತೆಗೆದ್ರೆ ನಿಂತಿದ್ದ. ಮೈಯೆಲ್ಲ ಕೆಸರು. ಕೊಡೆ ಕೈಗಿಟ್ಟು, ನಾನು ಅವರ ಹತ್ರದಿಂದಲೇ ಬಂದೆ ಅಂತ ನಂಬಬೇಕು ತಾಯಿ, ಅದಕ್ಕೇ ಇದನ್ನ ತಂದೆ ಅಂದ. ಪ್ಯಾರಾಚೂಟಿಗೆ ಹೋಗೋ ನೂಲಲ್ಲಿ ಸುಬ್ಬರಾಯಪ್ಪ ಕಳಪೆ ಮಾಲು ಸೇರಿಸ್ತಿರೋದನ್ನ ನಮ್ಮನೆಯವರು ಹಿಡಿದಿದ್ರಂತೆ. ಆಕಾಶದಿಂದ ಹಾರೋ ಹುಡುಗರ ಪ್ರಾಣ ಇದರ ಮೇಲೆ ನಿಂತಿದೆ, ಮುದ್ರೆ ಒತ್ತಲ್ಲ ಅಂದ್ರಂತೆ. ಸುಬ್ಬರಾಯಪ್ಪನ ಕಡೆಯೋರು ತಲೆಗೆ ಹೊಡೆದು, ಸತ್ತರು ಅಂದ್ಕೊಂಡು ಗೂಡಿನ ಕೋಣೇಲಿ ಹಾಕಿ ಬಾಗಿಲೆಳೆದು ಹೋಗಿದ್ರು. ಉಸಿರಾಡ್ತಿದ್ದಿದ್ದನ್ನ ಇವನು ನೋಡ್ದ. ಕೋಟು ಬಿಚ್ಚಿ ಸೌದೇಲಿ ಹಾಕಿ, ತನ್ನ ಕಂಬಳಿ ಸುತ್ತಿ, ಗೂಡಿನ ಲಾರೀಲಿ ಮಕ್ಕರಿಗಳ ಕೆಳಗೆ ಮಲಗಿಸಿ ಸಾಗಿಸಿದ.”

“ಜಗಳ ಆಡಿದ್ದ ಅಲ್ವಾ ಅವರ ಜೊತೆ?” ಕದಿರೇಶ ಕೇಳಿದ.

“ಆಡಿದ್ದ. ‘ಹೋದ ವಾರ ನನ್ನ ಬೈದೋರೇ ತಾಯಿ, ಆದ್ರೆ ಒಳ್ಳೆ ಮನುಷ್ಯ, ಸಾಯೋಕೆ ಬಿಡೋಕಾಗುತ್ತಾ?’ ಅಂದ.”

ಶಾಮಲಮ್ಮ ಕಣ್ಣು ಮುಚ್ಚಿಕೊಂಡರು. ತಲೆಯ ಮೇಲೆ ಹಗ್ಗ ತೂಗುತ್ತಿದ್ದರೂ, ಒಂದು ಮಾತಾಡಿದರೆ ಬಿಡುಗಡೆ ಎಂದು ಗೊತ್ತಿದ್ದರೂ, ತುಟಿ ಕಚ್ಚಿಕೊಂಡು ಕೂತವನು. ತಮ್ಮ ಹನ್ನೆರಡು ದಿನದ ಏಣಿ ಅವನ ಹದಿನಾರು ದಿನದ ಮೌನದ ಮುಂದೆ ಏನೂ ಅಲ್ಲವೆಂದು ಅವರಿಗನ್ನಿಸಿತು.

“ಎಲ್ಲಿಟ್ಟಿದ್ದಾನೆ?” ಎಂದ ಕದಿರೇಶ.

“ಹೇಳಲಿಲ್ಲ. ನಿಮಗೆ ಗೊತ್ತಿಲ್ದೆ ಇರೋದೇ ಒಳ್ಳೇದು ಅಂದ. ಪೊಲೀಸಿಗೆ ಹೇಳ್ತೀನಿ ಅಂದೆ. ಬೇಡ ತಾಯಿ, ಠಾಣೆಯಲ್ಲಿ ಯಜಮಾನನ ಮನುಷ್ಯ ಒಬ್ಬನಿದ್ದಾನೆ, ಯಾರು ಅಂತ ನಂಗೂ ಗೊತ್ತಿಲ್ಲ, ಇವರು ಎದ್ದು ಕೂತು ತಾವೇ ಬೆಂಗಳೂರಿಗೆ ಹೋಗಿ ಹೇಳೋವರ್ಗೂ ಬಾಯಿ ಬಿಡಬೇಡಿ ಅಂತ ಆಣೆ ಹಾಕಿಸ್ಕೊಂಡ. ಸಾಹೇಬ್ರೇ, ನೀವೇ ಆ ಮನುಷ್ಯ ಅಲ್ಲ ಅಂತ ನಂಗೆ ಹೆಂಗೆ ಗೊತ್ತಾಗಬೇಕಿತ್ತು? ಇವತ್ತು ನೀವೇ ಅವನನ್ನ ಬಿಡಿಸಿದ್ರಿ. ಅದಕ್ಕೇ ಹೇಳ್ತಿದೀನಿ.”

ಠಾಣೆಯಲ್ಲಿ ಒಬ್ಬ. ಕದಿರೇಶ ಮನಸ್ಸಿನಲ್ಲೇ ಒಬ್ಬೊಬ್ಬರ ಮುಖವನ್ನೂ ತಂದುಕೊಳ್ಳತೊಡಗಿದ. ಐದು ಜನ ಕಾನ್ಸ್‌ಟೇಬಲ್ಲುಗಳು. ರೈಟರು. ದಫೇದಾರ…

ಅಷ್ಟರಲ್ಲಿ ಬೀದಿಯ ಕಡೆಯಿಂದ ಯಾರೋ ಓಡಿಬರುವ ಸದ್ದಾಯಿತು.

“ಅಮ್ಮಗಾರೂ! ಅಮ್ಮಗಾರೂ!”

ಬಾಗಿಲಿನಲ್ಲಿ ಬಂದು ನಿಂತವಳು ಮುನಿಶಾಮಿಯ ಹೆಂಡತಿ ಅಂಜಮ್ಮ. ಕೂದಲು ಕೆದರಿತ್ತು. ರವಿಕೆಯ ತೋಳು ಹರಿದಿತ್ತು. ಒಳಗೆ ಇನ್ಸ್‌ಪೆಕ್ಟರನ್ನು ಕಂಡು ಒಂದು ಕ್ಷಣ ಬೆಚ್ಚಿ, ಆಮೇಲೆ ಅವನ ಕಾಲ ಬಳಿಯೇ ಕುಸಿದಳು.

“ಬಿಡ್ತೀನಿ ಅಂದ್ರಲ್ಲ ಸಾಮಿ, ಇದೇನಾ ಬಿಡೋದು?”

“ಏನಾಯ್ತಮ್ಮಾ? ಮುನಿಶಾಮಿ ಎಲ್ಲಿ?”

“ಗೇಟಿಂದ ಆಚೆ ಬಂದ. ನನ್ನ ನೋಡಿ ನಕ್ಕ. ಅಷ್ಟರಾಗೆ ಯಜಮಾನ್ರ ಕಾರು ಬಂತು. ಹತ್ತಲ್ಲ ಅಂದ. ದಫೇದಾರ್ರೂ ಡ್ರೈವರೂ ಹಿಡ್ಕೊಂಡು ಒಳಕ್ಕೆ ದಬ್ಬಿದ್ರು. ನಾನು ಅಡ್ಡ ಹೋದ್ರೆ ನನ್ನೂ ನೂಕಿದ್ರು. ‘ಮುಳಬಾಗ್ಲು ಅಮ್ಮಗಾರಿಕಿ ಚೆಪ್ಪು’ ಅಂತ ಕೂಗ್ದ. ಅಮ್ಮನೋರ್ಗೆ ಹೇಳೋಣಾಂತ ಬಸ್ ಹತ್ತಿ ಬಂದ್ಬುಟ್ಟೆ.”

“ಸೊಣ್ಣಪ್ಪ!” ಎಂದು ಕದಿರೇಶ ಹಲ್ಲು ಕಡಿದ. ಬಿಡುಗಡೆಯ ಹುಕುಮನ್ನು ತನ್ನ ಕೈಯಾರೆ ಅವನಿಗೆ ಕೊಟ್ಟಿದ್ದ. “ಕಾರು ಯಾವ ಕಡೆ ಹೋಯ್ತು?”

“ಲಕ್ಕೂರ್ಗೆ ಅಂತ ದಫೇದಾರ್ರೇ ಡ್ರೈವರ್‌ಗೆ ಹೇಳಿದ್ರು. ಮಾಲೂರು ರೋಡು ಹಿಡೀತು.”

“ಲಕ್ಕೂರಲ್ಲಿ ಏನಿದೆ?”

“ನಮ್ಮ ನಾದಿನಿ ಮನೆ ಐತೆ.” ಅಂಜಮ್ಮ ಎಲ್ಲರ ಮುಖವನ್ನೂ ಮಿಕಿಮಿಕಿ ನೋಡಿದಳು. “ನಾನೇ ಹೇಳ್ಬುಟ್ಟೆ ಸಾಮಿ. ದಫೇದಾರ್ರು ದಿನಾ ಜೈಲಿನ ಹತ್ರ ಬಂದು, ಊಟ ಆಯ್ತಾ ತಾಯಿ ಅಂತ ವಿಚಾರಿಸ್ಕೊಳ್ತಿದ್ರು. ಒಳ್ಳೇರು ಅಂದ್ಕೊಂಡಿದ್ದೆ. ನೆನ್ನೆ, ನಿನ್ನ ಗಂಡ ಏನಾದ್ರೂ ಹೇಳಿದ್ನಾ ಅಂತ ಕೇಳಿದ್ರು. ನಾದಿನಿ ಮನೇಲಿ ಯಾರೋ ಕಾಯಿಲೆಯೋರು ಮಲಗವ್ರೆ, ಅವರ್ಗೆ ರಾಗಿ ಹಿಟ್ಟು ಕಳಿಸು ಅಂತ ಹೇಳ್ದ, ಇನ್ನೇನೂ ಹೇಳ್ಲಿಲ್ಲ ಅಂದೆ. ಅದ್ರಾಗೇನು ತಪ್ಪೈತೆ ಸಾಮಿ?”

ಅಶ್ವತ್ಥಮ್ಮ ಎದ್ದು ನಿಂತಿದ್ದಳು. ಮೊರ ಉರುಳಿ ಬೇಳೆಯೆಲ್ಲ ಚೆಲ್ಲಿತ್ತು.

“ಅವರಿಗೆ ಎದ್ದು ನಿಲ್ಲೋಕೂ ಆಗಲ್ಲ ಅಂದಿದ್ದ,” ಎಂದಳು.

“ಕಾರು ಹೊರಟಾಗ ಗಂಟೆ ಎಷ್ಟಮ್ಮಾ?” ಕದಿರೇಶ ಟೋಪಿ ತೆಗೆದುಕೊಳ್ಳುತ್ತ ಕೇಳಿದ.

“ಜೈಲಾಗೆ ಹನ್ನೆರಡು ಹೊಡೀತು.”

ಅವನು ಕೈಗಡಿಯಾರ ನೋಡಿದ. ಎರಡು ದಾಟಿತ್ತು. ಕೋಲಾರದಿಂದ ಲಕ್ಕೂರಿಗೆ ಕಾರಿನಲ್ಲಿ ಅಷ್ಟು ಹೊತ್ತೂ ಬೇಕಿರಲಿಲ್ಲ.